ಸಗರನಾಡಿನಲ್ಲಿ ಮೋಟಾರು ಬಿಡಾರ

ಕಳೆದ ಮಾಗಿಯಲ್ಲಿ ಛಾಯಾಚಿತ್ರಗಳಿಗಾಗಿ ಸಗರನಾಡನ್ನು ಸುತ್ತಿದಾಗ ಹನ್ನೊಂದು ದಿನ ನಮಗೆ ಮನೆಯಾದದ್ದು ಒಂದು ಸಣ್ಣ ಮೋಟಾರು. ಹಿಂದಿನ ಆಸನವನ್ನು ಮಡಿಸಿ ಹಲಗೆ ಹಾಕಿ ಕೌದಿ ಹಾಸಿದರೆ ಮಂಚ ಸಿದ್ಧ. ಕೆಳಗೆ ಕ್ಯಾಮರಾ, ನೀರಿನ ಕೊಡ, ರೊಟ್ಟಿಯ ಗಂಟು. ಕಾಲು ಚಾಚಲು ಒಂದು ಗೇಣು ಸಾಲದಾಯಿತೆಂಬುದನ್ನು ಮುಚ್ಚಿಡಲಾರೆವು.

ಈ ಕಷ್ಟವೇಕೆಂದು ವಾಚಕರು ಕೇಳಬಹುದು. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ಸಾಲಾಗಿ ಇರಿಸಿದ ಬಂಡೆಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು 19ನೆಯ ಶತಮಾನದಲ್ಲಿಯೇ ಈ ಸೀಮೆಯ ಇಂತಹ ಶಿಲೆಗಳನ್ನು ಪರೀಕ್ಷಿಸಿ ಚಿತ್ರಿಸಿದ್ದರು. ನಡುಹಗಲಿನಲ್ಲಿ ನೋಡಿದರೆ ಅವು ಬರಿಯ ಹೊಲದ ಕಲ್ಲುಗಳು. ಸೂರ್ಯೋದಯದ ಓರೆಬಿಸಿಲಿನಲ್ಲಿ ನೆರಳುಗಳು ನೀಳವಾಗಿ ಬಿದ್ದಾಗಲೇ ಸಾಲುಗಳು ಎದ್ದು ಕಾಣುತ್ತವೆ. ಆ ಅರ್ಧ ಗಳಿಗೆಯ ಬೆಳಕು, ಪಟ್ಟಣದ ವಸತಿಗೃಹದಲ್ಲಿ ಎದ್ದು ಚಹಾ ಮುಗಿಸಿ ಹೊರಡುವವರಿಗೆ ದಕ್ಕುವಂತಹದಲ್ಲ.

ಆದರೆ ರಾತ್ರಿ ಎಲ್ಲಿ ನಿಲ್ಲಬೇಕೆಂಬುದೇ ನಿತ್ಯದ ಚಿಂತೆ. ಒಂದೆಡೆ ನಡುರಾತ್ರಿಯಲ್ಲಿ ಎಬ್ಬಿಸಿ ಸಾಗಹಾಕಿದರು; ಇನ್ನೊಂದೆಡೆ ರೈತರೊಬ್ಬರು ತಮ್ಮ ಕಣದಲ್ಲಿ ಜಾಗ ಕೊಟ್ಟು, ಬೆಳಿಗ್ಗೆ ಸಜ್ಜೆರೊಟ್ಟಿಯನ್ನೂ ತಂದರು. ದಾರಿಹೋಕರ ಭಾರವನ್ನೆಲ್ಲ ರೈತರ ಔದಾರ್ಯದ ಮೇಲೆಯೇ ಹೊರಿಸಬಹುದೆ? ತಾಲ್ಲೂಕಿಗೊಂದರಂತೆ ನೀರು, ಶೌಚಾಲಯ, ಒಂದು ದೀಪವುಳ್ಳ ತಂಗುದಾಣವನ್ನು ಅಧಿಕಾರಿಗಳು ಏರ್ಪಡಿಸಲಿ. ನೆರಳಿನ ವ್ಯವಸ್ಥೆಯನ್ನು ಬೇವಿನ ಮರಗಳು ನೋಡಿಕೊಳ್ಳುವುವು.