ರೋಮಿನ ಲೆಗಾಟಸನೂ ಕನ್ನಡ ನಾಡಿನ ದಂಡನಾಯಕನೂ: ತರ್ದವಾಡಿ ಸಾಸಿರದ ನಿದರ್ಶನ

ರೋಮನ್ ಇತಿಹಾಸವನ್ನು ಕನ್ನಡದಲ್ಲಿ ಬೋಧಿಸುವಾಗ 'ಲೆಗಾಟಸ್' ಎಂಬ ಅಧಿಕಾರಿಯನ್ನು ನಾವು ಸಾಮಾನ್ಯವಾಗಿ 'ದಂಡನಾಯಕ'ನೆಂದು ಕರೆದು ಮುಂದೆ ಸಾಗುತ್ತೇವೆ. ಈ ಸಮೀಕರಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ತರ್ದವಾಡಿ ಸಾಸಿರದ ಆಧಾರದಿಂದ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

'ಲೆಗಾಟಸ್' ಎಂದರೆ ನಿಯೋಜಿತನು, ಪರರ ಅಧಿಕಾರವನ್ನು ಅವರ ಪರವಾಗಿ ನಡೆಸುವವನು. ಕ್ರಿ.ಪೂ. 58ರಿಂದ ಗಾಲ್ ದೇಶದಲ್ಲಿ ಯುದ್ಧ ಹೂಡಿದ ಸೀಸರನು ತನ್ನ ಲೆಗಾಟಸರಿಗೆ ಸೈನ್ಯದ ಭಾಗಗಳನ್ನು ಒಪ್ಪಿಸುತ್ತಿದ್ದನು. ಅಗಸ್ಟಸನ ಕಾಲದಲ್ಲಿ ಈ ಪದವಿಯು ಸ್ಥಿರರೂಪವನ್ನು ತಾಳಿತು. ಸುಮಾರು 5000 ಯೋಧರ ಒಂದೊಂದು ಲೀಜನ್ನಿಗೆ ಒಬ್ಬ ಲೆಗಾಟಸ್. ಗಡಿಯ ದೊಡ್ಡ ಪ್ರಾಂತಗಳಿಗೆ ಚಕ್ರವರ್ತಿಯ ಪ್ರತಿನಿಧಿಯಾಗಿ ಅವನಿಗಿಂತ ಮೇಲಾದ ಇನ್ನೊಬ್ಬ ಲೆಗಾಟಸ್. ಇವರು ಸಾಮಾನ್ಯವಾಗಿ ಸೆನೆಟ್ ವರ್ಗದವರು. ಕೆಲವು ವರ್ಷಗಳ ತರುವಾಯ ಬೇರೆಡೆಗೆ ಹೋಗುವವರು. ಪ್ರಾಂತವು ಅವರ ಮಕ್ಕಳಿಗೆ ಸಲ್ಲುತ್ತಿರಲಿಲ್ಲ.

ಕಲ್ಯಾಣದ ಚಾಲುಕ್ಯರ ಆಡಳಿತದಲ್ಲಿ ಇದಕ್ಕೆ ಸಮೀಪವಾದವನು ದಂಡನಾಯಕನೇ ಸರಿ. ಆರನೆಯ ವಿಕ್ರಮಾದಿತ್ಯನ ಅಧಿಕಾರಿಯಾದ ಅನಂತಪಾಲ ದಂಡನಾಯಕನಿಗೆ ಬೆಳ್ವೊಲ ಮತ್ತು ಪುಲಿಗೆರೆ ಎಂಬೆರಡು ಮುನ್ನೂರುಗಳೂ ಬನವಾಸಿ ಪನ್ನಿರ್ಚ್ಛಾಸಿರವೂ ಒಪ್ಪಿಸಲ್ಪಟ್ಟಿದ್ದವು. ಸೈನ್ಯ ಮತ್ತು ನಾಡಾಳಿಕೆಗಳೆರಡೂ ಒಬ್ಬನ ಕೈಯಲ್ಲಿ ಸೇರಿದ್ದುದು ರೋಮಿನ ಪ್ರಾಂತೀಯ ಲೆಗಾಟಸನನ್ನು ನೆನಪಿಗೆ ತರುತ್ತದೆ. ಆದರೆ ಅನಂತಪಾಲನ ಬಂಧುವಾದ ಗೋವಿಂದರಸನೂ ಬನವಾಸಿಯನ್ನು ಆಳಿದನೆಂಬುದನ್ನು ಗಮನಿಸಬೇಕು. ನಿಯೋಜಿತ ಪದವಿಯೂ ಇಲ್ಲಿ ಮನೆತನದತ್ತ ವಾಲುತ್ತಿತ್ತು.

ದಂಡನಾಯಕನಿಗಿಂತ ಭಿನ್ನನಾದ ಇನ್ನೊಬ್ಬನುಂಟು; ಅವನೇ ಸಾಮಂತ ಅಥವಾ ಮಹಾಮಂಡಲೇಶ್ವರ. ತರ್ದವಾಡಿಯ ಇತಿಹಾಸದಲ್ಲಿ ನಿರ್ಣಾಯಕ ಪಾತ್ರ ವಹಿಸಿದವನು ಇವನು. ಹಳೆಯ ಇಂಡಿ ತಾಲ್ಲೂಕಿನ ಭೀಮಾತೀರದ ತದ್ದೇವಾಡಿಯೇ ಈ ನಾಡಿನ ಮುಖ್ಯಸ್ಥಳವೆಂದು ಗುರುತಿಸಲಾಗಿದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಯ ಬಹಳಷ್ಟು ಊರುಗಳು ಈ ಸಾಸಿರದ ಸುತ್ತಿನವು. ಕ್ರಿ.ಶ. 965ರ ನರಸಲಗಿ ಶಾಸನದಿಂದ, ಚಾಲುಕ್ಯ ವಂಶದ ತೈಲಪನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಈ ನಾಡನ್ನು 'ಅಣುಗಜೀವಿತ'ವಾಗಿ ಪಡೆದಿದ್ದನೆಂದು ವಿದಿತವಾಗುತ್ತದೆ. ಅಣುಗನೆಂದರೆ ಪ್ರೀತಿಪಾತ್ರನು, ಅವನ ಜೀವಿತಕ್ಕಾಗಿ ಬಿಟ್ಟ ನಾಡು ಅದು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ತೈಲಪನು ಇಮ್ಮಡಿ ಕರ್ಕನನ್ನು ಉರುಳಿಸಿ ತಾನೇ ಚಕ್ರವರ್ತಿಯಾದನು.

ಅದೇ ನಾಡಿನಲ್ಲಿ ಇದೇ ಕಥೆ ಮತ್ತೊಮ್ಮೆ ನಡೆಯಿತು. ಹನ್ನೆರಡನೆಯ ಶತಮಾನದಲ್ಲಿ ಮಂಗಳವೇಢೆಯ ಕಳಚುರಿ ಬಿಜ್ಜಳನು ಚಾಲುಕ್ಯರ ಮಹಾಮಂಡಲೇಶ್ವರನಾಗಿ ಕರಹಾಡ ನಾಲ್ಸಾಸಿರವನ್ನೂ ತರ್ದವಾಡಿ ಸಾಸಿರವನ್ನೂ ಆಳುತ್ತಿದ್ದನು. 1157ರ ಚಿಕ್ಕಲಗಿ ಶಾಸನವು ಅವನನ್ನು ಆಗಲೇ ಚಕ್ರವರ್ತಿಯೆಂದು ಕರೆಯುತ್ತದೆ. 1162ರ ವೇಳೆಗೆ ಕಲ್ಯಾಣದ ಪೂರ್ಣಾಧಿಕಾರವು ಅವನದಾಗಿತ್ತು. ಬಾಗೇವಾಡಿಯ ಬಸವಣ್ಣನವರು ಭಂಡಾರಿಯಾಗಿದ್ದುದು ಈ ಬಿಜ್ಜಳನಲ್ಲಿಯೇ.

ಹಾಗಾದರೆ ರೋಮಿನ ವರ್ಗಾವಣೆಯ ಪದ್ಧತಿಯೇ ಮೇಲೆಂದು ತೀರ್ಮಾನಿಸಬಹುದೆ? ಅದು ಆತುರದ ಮಾತಾದೀತು. ಯೆಹೂದ್ಯರ ದಂಗೆಯನ್ನು ಅಡಗಿಸಲು ಕ್ರಿ.ಶ. 67ರಲ್ಲಿ ನೀರೋ ಕಳುಹಿಸಿದ ಲೆಗಾಟಸನಾದ ವೆಸ್ಪಾಸಿಯನ್ನನನ್ನು 69ರಲ್ಲಿ ಪೂರ್ವದ ಸೈನ್ಯಗಳೇ ಚಕ್ರವರ್ತಿಯೆಂದು ಘೋಷಿಸಿದವು. ಅಲ್ಲಿ ಅಪಾಯವು ಸೈನ್ಯ ನೆರೆದಿದ್ದ ದೂರದ ಗಡಿಯಿಂದ ಬಂದಿತು. ಇಲ್ಲಿ ರಾಜಧಾನಿಗೆ ಸಮೀಪದ, ಪ್ರೀತಿಪಾತ್ರರಿಗೆ ಬಿಟ್ಟ ಒಳನಾಡಿನಿಂದ ಬಂದಿತು. ಲೆಗಾಟಸನ ಬಲ ಅವನ ವಶದಲ್ಲಿದ್ದ ಲೀಜನ್ನುಗಳು. ಸಾಮಂತನ ಬಲ ಅವನ ನೆಲ, ವಂಶ ಮತ್ತು ಪರಿವಾರ. ಬಾದಾಮಿಯ ಹಳೆಯ ರಾಜವಂಶದ ನೆನಪನ್ನು ತೈಲಪನು ತನ್ನ ಹಕ್ಕಿಗೆ ಆಧಾರವಾಗಿಸಿಕೊಂಡನು; ವೆಸ್ಪಾಸಿಯನ್ನನಿಗೆ ಅಂಥ ವಂಶವೇ ಇರಲಿಲ್ಲ.

ಆದುದರಿಂದ ಲೆಗಾಟಸನನ್ನು ದಂಡನಾಯಕನೆನ್ನಲು ಅಡ್ಡಿಯಿಲ್ಲ. ಸಾಮಂತನೆಂದರೆ ಮಾತ್ರ ತಪ್ಪಾಗುತ್ತದೆ. ಅಧಿಕಾರವನ್ನು ಯಾರು ಕೊಟ್ಟರು ಎಂಬುದರ ಜೊತೆಗೆ, ಅದನ್ನು ಮರಳಿ ಪಡೆಯುವ ದಾರಿ ಕೊಟ್ಟವನಿಗಿತ್ತೇ ಎಂಬುದನ್ನೂ ವಿದ್ಯಾರ್ಥಿಗಳು ಕೇಳುವಂತಾಗಬೇಕು. ತಮ್ಮ ಊರ ಶಾಸನಗಳ ಮುಂದೆ ನಿಂತು ಈ ಪ್ರಶ್ನೆ ಕೇಳುವ ಅವಕಾಶವು ಈ ನಾಲ್ಕು ತಾಲ್ಲೂಕುಗಳವರಿಗೆ ಸಹಜವಾಗಿಯೇ ಒದಗಿದೆ.