ಓದಿ ಮುಗಿಸಿದ ಮೇಲೆ ಬರೆಯುವ ಒಂದು ಸಾಲು

ವರ್ಷದ ಕೊನೆಗೆ ಓದಿದ ಪುಸ್ತಕಗಳ ಪಟ್ಟಿ ಹಾಕಿ, ಒಂದೊಂದಕ್ಕೂ ನಕ್ಷತ್ರ ಕೊಡುವ ರೂಢಿ ಇಂದು ಮೊಬೈಲಿನಲ್ಲಿ ಬೆಳೆದು ನಿಂತಿದೆ. ಪಟ್ಟಿಗೆ ಸಾವಿರ ವರ್ಷ ದಾಟಿದೆ, ನಕ್ಷತ್ರಕ್ಕೆ ಇನ್ನೂರು ವರ್ಷವೂ ತುಂಬಿಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದು ಕೂಡಿದ ಕಥೆ ಇದು.

ಫ್ರಾನ್ಸಿನ ಪ್ರಬಂಧಕಾರ ಮಿಷೆಲ್ ದ ಮೊಂಟೇನ್‌ಗೆ ನೆನಪಿನ ಶಕ್ತಿ ತೀರ ಕಡಿಮೆ. ಹಾಗೆಂದು ಅವನೇ ಮತ್ತೆ ಮತ್ತೆ ಬರೆದುಕೊಂಡಿದ್ದಾನೆ. ಹದಿನಾರನೆಯ ಶತಮಾನದ ಈ ಮನುಷ್ಯ ನ್ಯಾಯಾಲಯದ ಕೆಲಸ ಬಿಟ್ಟು, 1571ರಿಂದ ಬೋರ್ಡೊ ಸಮೀಪದ ತನ್ನ ಮನೆಯ ಗೋಪುರದಲ್ಲಿ ಪುಸ್ತಕಗಳ ನಡುವೆ ಕೂತವನು. ಹೊಸದೆಂದು ಒಂದು ಪುಸ್ತಕ ಕೈಗೆತ್ತಿಕೊಳ್ಳುವನು. ನೋಡಿದರೆ ಅಂಚಿನಲ್ಲೆಲ್ಲ ಅವನದೇ ಕೈಬರಹ. ಕೆಲವೇ ವರ್ಷಗಳ ಹಿಂದೆ ಮನಸ್ಸಿಟ್ಟು ಓದಿದ ಪುಸ್ತಕ ಅದು. ಹೀಗೆ ಹಲವು ಸಲ ಆದಮೇಲೆ ಅವನೊಂದು ಉಪಾಯ ಮಾಡಿಕೊಂಡ. ಒಂದೇ ಸಲ ಓದಿ ಬಿಡಬೇಕೆಂದಿದ್ದ ಪುಸ್ತಕಗಳ ಕೊನೆಯಲ್ಲಿ, ಓದಿ ಮುಗಿಸಿದ ದಿನವನ್ನೂ ಒಟ್ಟಾರೆ ತನಗೆ ಏನನ್ನಿಸಿತು ಎಂಬುದನ್ನೂ ಬರೆದಿಡತೊಡಗಿದ.

ಅಂಥ ಮೂರು ಟಿಪ್ಪಣಿಗಳನ್ನು ಅವನು ತನ್ನ ಪ್ರಬಂಧದಲ್ಲೇ ಸೇರಿಸಿದ್ದಾನೆ. ಇಟಲಿಯ ಇತಿಹಾಸಕಾರ ಗುಯಿಚಾರ್ದಿನಿಯ ಬಗ್ಗೆ ಬರೆದದ್ದು ಅವುಗಳಲ್ಲಿ ಬಲು ಹರಿತ. ಈತ ಅಷ್ಟೊಂದು ಜನರ ಅಷ್ಟೊಂದು ಕೆಲಸಗಳನ್ನು ವಿವರಿಸುತ್ತಾನೆ, ಆದರೆ ಅವುಗಳಲ್ಲಿ ಒಂದಕ್ಕಾದರೂ ಧರ್ಮ, ಸದ್ಗುಣ, ಆತ್ಮಸಾಕ್ಷಿ ಕಾರಣ ಎಂದು ಹೇಳುವುದಿಲ್ಲ, ಎಲ್ಲದರ ಹಿಂದೆಯೂ ಕೇಡನ್ನೋ ಲಾಭವನ್ನೋ ಮಾತ್ರ ಕಾಣುತ್ತಾನೆ ಎಂಬುದು ಅದರ ಸಾರ. ಈ ಮಾತಿನಲ್ಲಿ ಅಂಕವಿಲ್ಲ. ಆದರೂ ಓದಿದವನಿಗೆ ಪುಸ್ತಕದ ದೌರ್ಬಲ್ಯ ಯಾವುದು, ಮೊಂಟೇನ್ ಎಂಥ ಓದುಗ ಎಂಬ ಎರಡೂ ಒಟ್ಟಿಗೇ ತಿಳಿಯುತ್ತವೆ. ಓದಿನ ದಾಖಲೆ ಎಂದರೆ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಒಂದೇ ಶತಮಾನದ ಎರಡು ಪಟ್ಟಿ

ಮೊಂಟೇನ್‌ಗಿಂತ ಏಳು ಶತಮಾನ ಹಿಂದೆ, ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಫೋಟಿಯಸ್ ಎಂಬ ವಿದ್ವಾಂಸನಿದ್ದ. ಮುಂದೆ ಅಲ್ಲಿನ ಚರ್ಚಿನ ಪರಮ ಗುರುವಾದವನು. ತಾನು ಓದಿದ ಗ್ರಂಥಗಳಲ್ಲಿ ಏನಿದೆ ಎಂದು ಅವನು ತಮ್ಮ ತರಾಸಿಯಸ್‌ಗೆ ಬರೆದುಕೊಟ್ಟ. ಸುಮಾರು 280 ಅಧ್ಯಾಯಗಳ ಆ ಬರಹಕ್ಕೆ ‘ಬಿಬ್ಲಿಯೊಥೀಕಾ’ ಎಂದು ಹೆಸರಾಯಿತು. ಕೆಲವು ಪುಸ್ತಕಕ್ಕೆ ನಾಲ್ಕು ಸಾಲು, ಕೆಲವಕ್ಕೆ ಪುಟಗಟ್ಟಲೆ. ಸಾರಾಂಶದ ಜೊತೆಗೆ ಶೈಲಿ ತಿಳಿಯಾಗಿದೆಯೋ, ಮಾತು ಉದ್ದವಾಯಿತೋ ಎಂಬ ತೀರ್ಪು ಕೂಡ ಇರುತ್ತಿತ್ತು.

ಅವನು ಓದಿದ ಎಷ್ಟೋ ಪುಸ್ತಕಗಳು ಇಂದು ಇಲ್ಲ. ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಟೀಸಿಯಸ್, ಕ್ರಿಸ್ತಪೂರ್ವ 400ರ ಸುಮಾರಿಗೆ, ಭಾರತದ ಬಗ್ಗೆ ಕೇಳಿದ ಸೋಜಿಗದ ಕಥೆಗಳನ್ನೆಲ್ಲ ಸೇರಿಸಿ ‘ಇಂಡಿಕಾ’ ಬರೆದಿದ್ದ. ಆ ಗ್ರಂಥ ಅಳಿದುಹೋಗಿದೆ. ನಮ್ಮ ನಾಡನ್ನು ಅಷ್ಟು ಹಿಂದೆ ಅವನು ಹೇಗೆ ಊಹಿಸಿಕೊಂಡಿದ್ದ ಎಂಬುದು ನಮಗೆ ಬಹುಪಾಲು ತಿಳಿದಿರುವುದು ಫೋಟಿಯಸ್ ಮಾಡಿಟ್ಟ ಸಾರಾಂಶದಿಂದಲೇ.

ಅದೇ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಅದರಲ್ಲಿಯೂ ಒಂದು ಪಟ್ಟಿ ಇದೆ. ಗದ್ಯ ಬರೆದವರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮುಂತಾದವರನ್ನೂ, ಪದ್ಯ ಬರೆದವರೆಂದು ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮುಂತಾದವರನ್ನೂ ಅದು ಹೆಸರಿಸುತ್ತದೆ. ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ದಕ್ಕಿಲ್ಲ. ಈಗ ಸಿಗುವ ಮೊದಲ ಗ್ರಂಥವಾದ ಇದಕ್ಕೂ ಹಿಂದೆ ಕನ್ನಡದಲ್ಲಿ ಗದ್ಯಪದ್ಯಗಳೆರಡೂ ಬೆಳೆದಿದ್ದವು ಎಂದು ಧೈರ್ಯವಾಗಿ ಹೇಳುವುದಕ್ಕೆ ಒಬ್ಬ ಓದುಗ ಬರೆದಿಟ್ಟ ಹೆಸರುಗಳು ಮುಖ್ಯ ಆಧಾರ.

ನಮ್ಮಲ್ಲಿ ಈ ಕ್ರಮ ಮುಂದೆಯೂ ನಡೆದು ಬಂತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತಾನು ಯಾವ ಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಇಟ್ಟುಕೊಂಡಿದ್ದೇನೆ ಎಂದು ಹೆಸರು ಹೇಳುತ್ತಾನೆ. ಅವನ ತಂದೆ ಮಲ್ಲಿಕಾರ್ಜುನ ಓದಿದ ಕಾವ್ಯಗಳಿಂದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಮಾಡಿದ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇಡಿಯಾಗಿ ಉಳಿಯಲಿಲ್ಲ, ಇಂಥ ಸಂಕಲನ, ಲಕ್ಷಣಗ್ರಂಥಗಳಲ್ಲಿ ಸೇರಿಕೊಂಡ ಪದ್ಯಗಳಷ್ಟೇ ಉಳಿದವು. ಆರ್. ನರಸಿಂಹಾಚಾರ್ಯರು 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ತಂದಾಗ ಅವರ ಕೈಗೆ ಒದಗಿದ ಸಾಮಗ್ರಿಯಲ್ಲಿ ಇಂಥ ಹಳೆಯ ಓದುಗರ ಸಾಕ್ಷ್ಯವೂ ಸೇರಿತ್ತು.

ದಿನಚರಿಗೆ ಬಂದ ಪುಸ್ತಕಗಳು

ವರ್ಷವರ್ಷದ ಪಟ್ಟಿ ಹಾಕುವ ಅಭ್ಯಾಸ ಸ್ಪಷ್ಟವಾಗಿ ಕಾಣುವುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಮುದ್ರಣ ಅಗ್ಗವಾಯಿತು, ಎರವಲು ಕೊಡುವ ಗ್ರಂಥಾಲಯಗಳು ಹೆಚ್ಚಿದವು, ದಿನಚರಿ ಬರೆಯುವುದು ಓದುಬರಹ ಬಲ್ಲವರ ಮನೆಗಳಲ್ಲಿ ರೂಢಿಯಾಯಿತು. 1814ರಲ್ಲಿ ಕವಿ ಶೆಲ್ಲಿಯ ಜೊತೆ ಮನೆ ಬಿಟ್ಟು ಹೊರಟ ಮೇರಿಗೆ ಆಗ ಹದಿನಾರು ವರ್ಷ. ಅಂದಿನಿಂದ ಇಬ್ಬರೂ ಸೇರಿ ದಿನಚರಿ ಇಟ್ಟರು. ವರ್ಷದ ಕೊನೆಗೆ ಮೇರಿ ಓದಿದ ಪುಸ್ತಕಗಳ ಪಟ್ಟಿ ಮಾಡುತ್ತಿದ್ದಳು. 1815ರ ಪಟ್ಟಿಯಲ್ಲಿ ಕೆಲವು ಹೆಸರುಗಳಿಗೆ ಒಂದು ಗುರುತು ಹಾಕಿದ್ದಾಳೆ. ಆ ಪುಸ್ತಕವನ್ನು ಶೆಲ್ಲಿಯೂ ಓದಿದ್ದಾನೆ ಎಂದು ಅದರರ್ಥ. ಮೂರು ವರ್ಷದ ನಂತರ ಅವಳ ‘ಫ್ರಾಂಕೆನ್‌ಸ್ಟೈನ್’ ಹೊರಬಂತು. ಅದರಲ್ಲಿನ ವಿಕಾರಜೀವಿ ಮನುಷ್ಯರನ್ನು ಅರಿಯುವುದು ಮಿಲ್ಟನ್, ಪ್ಲೂಟಾರ್ಕ್, ಗಯಟೆ ಬರೆದ ಮೂರು ಪುಸ್ತಕಗಳನ್ನು ಓದಿ. ಅಂಥ ಕಾದಂಬರಿ ಯಾವ ಓದಿನಿಂದ ಹುಟ್ಟಿತು ಎಂದು ತಿಳಿಯಬಯಸುವ ವಿದ್ವಾಂಸರು ಮೊದಲು ತೆರೆಯುವುದು ಈ ಪಟ್ಟಿಗಳನ್ನೇ.

ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಎರಡು ಬಗೆಯ ಪಟ್ಟಿ ಇಟ್ಟಿದ್ದ: ಓದಬೇಕಾದದ್ದು, ಓದಿದ್ದು. 1838ರ ಅಕ್ಟೋಬರ್ ಆರಂಭದಲ್ಲಿ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದ ಪುಸ್ತಕ ಅದರಲ್ಲಿ ಕಾಣುತ್ತದೆ. ನೈಸರ್ಗಿಕ ಆಯ್ಕೆಯ ಸಿದ್ಧಾಂತಕ್ಕೆ ತನಗೆ ಎಳೆ ಸಿಕ್ಕಿದ್ದು ಆ ಓದಿನಿಂದ ಎಂದು ಅವನು ಆತ್ಮಕಥೆಯಲ್ಲಿ ಹೇಳಿದ್ದಾನೆ. ಪಟ್ಟಿಗಿಂತ ಹೆಚ್ಚಿನದು ಅವನ ಕೆಲಸದ ಕ್ರಮ. ಪುಸ್ತಕದ ಕೊನೆಯಲ್ಲಿ ತನಗೆ ಬೇಕಾದ ವಿಷಯಗಳ ಸೂಚಿ ಬರೆಯುತ್ತಿದ್ದ. ಪುಸ್ತಕ ತನ್ನದಲ್ಲದಿದ್ದರೆ ಬೇರೆ ಹಾಳೆಯಲ್ಲಿ ಸಾರಾಂಶ ಮಾಡಿ, ವಿಷಯವಾರು ಮೂವತ್ತು ನಲವತ್ತು ಕಡತಗಳಲ್ಲಿ ಇಡುತ್ತಿದ್ದ. ಯಾವುದೇ ವಿಷಯ ಬರೆಯಲು ಕೂರುವ ಮೊದಲು ಆ ಸೂಚಿಗಳನ್ನೆಲ್ಲ ತಿರುವಿಹಾಕುತ್ತಿದ್ದ. ಜೀವಮಾನದ ಓದೆಲ್ಲ ಹೀಗೆ ಅವನ ಕೈಯಳತೆಯಲ್ಲಿತ್ತು.

ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ 1825ರಿಂದ 1896ರವರೆಗಿನ ದಿನಚರಿಯಲ್ಲಿ ಸುಮಾರು 20,000 ಪುಸ್ತಕ, ಲೇಖನಗಳ ಹೆಸರು ದಾಖಲಿಸಿದ್ದಾನೆ. ಓದಿದ ಪುಸ್ತಕಗಳ ಅಂಚಿನಲ್ಲಿ ಅವನದೇ ಚಿಹ್ನೆಗಳಿದ್ದವು. ಒಪ್ಪಿದ ಮಾತಿಗೆ ಒಂದು, ಒಪ್ಪದ್ದಕ್ಕೆ ಇನ್ನೊಂದು, ಪೂರ್ತಿ ಒಪ್ಪಲು ಮನಸ್ಸಿಲ್ಲದಾಗ ‘ಆದರೆ’ ಎನ್ನುವ ಇಟಾಲಿಯನ್ ಪದ.

ಬ್ರಿಟಿಷ್ ಆಡಳಿತಗಾರ ಮೆಕಾಲೆಯೂ ಈ ಸಾಲಿನವನೇ. 1834ರಲ್ಲಿ ಮದ್ರಾಸಿನಲ್ಲಿ ಇಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು ಊಟಿಗೆ ಹೋದ. ನಂತರ ಕಲ್ಕತ್ತೆಯಲ್ಲಿ ಕೂತು 1835ರ ಡಿಸೆಂಬರ್ ಕೊನೆಯಲ್ಲಿ ಗೆಳೆಯ ಎಲ್ಲಿಸ್‌ಗೆ ಬರೆದ ಪತ್ರದಲ್ಲಿ, ಹದಿಮೂರು ತಿಂಗಳಲ್ಲಿ ಯಾವ ಯಾವ ಗ್ರೀಕ್, ಲ್ಯಾಟಿನ್ ಲೇಖಕರನ್ನು ಓದಿದೆ, ಯಾರನ್ನು ಎರಡೆರಡು ಸಲ ಓದಿದೆ ಎಂಬ ಉದ್ದ ಪಟ್ಟಿ ಕೊಟ್ಟಿದ್ದಾನೆ. ಅದೇ ವರ್ಷದ ಫೆಬ್ರವರಿಯಲ್ಲಿ ಅವನ ಶಿಕ್ಷಣ ಟಿಪ್ಪಣಿ ಹೊರಬಿದ್ದಿತ್ತು. ಭಾರತ ಮತ್ತು ಅರೇಬಿಯಾದ ಸಮಸ್ತ ಸಾಹಿತ್ಯಕ್ಕಿಂತ ಯುರೋಪಿನ ಒಂದು ಕಪಾಟು ಮೇಲು ಎಂದು ಅದರಲ್ಲಿ ತೀರ್ಪಿತ್ತ. ಸಂಸ್ಕೃತವಾಗಲಿ ಅರಬ್ಬಿಯಾಗಲಿ ತನಗೆ ಬಾರದು ಎಂದೂ ಅಲ್ಲೇ ಬರೆದ. ತಾನು ಓದಿದ ಪುಸ್ತಕಗಳ ಲೆಕ್ಕವನ್ನು ಅಷ್ಟು ಪ್ರಾಮಾಣಿಕವಾಗಿ ಇಟ್ಟವನು, ಓದದ ಸಾಹಿತ್ಯಕ್ಕೆ ಅಷ್ಟು ಸಲೀಸಾಗಿ ಬೆಲೆ ಕಟ್ಟಿದ. ಆ ತೀರ್ಪಿನ ಫಲವನ್ನು ಈ ದೇಶದ ಭಾಷೆಗಳೆಲ್ಲ ಉಂಡಿವೆ.

ನಕ್ಷತ್ರ ಬಂದ ದಾರಿ

ಇಲ್ಲಿಯವರೆಗಿನ ಯಾರೂ ಪುಸ್ತಕಕ್ಕೆ ನಕ್ಷತ್ರ ಕೊಟ್ಟವರಲ್ಲ. ಅದು ಬಂದದ್ದು ಪ್ರವಾಸದ ಕೈಪಿಡಿಗಳಿಂದ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಇಂಗ್ಲೆಂಡಿನ ಮಧ್ಯಮವರ್ಗ ಯುರೋಪ್ ನೋಡಲು ಹೊರಟಿತು. ಕೈಯಲ್ಲಿ ಸಮಯ ಕಡಿಮೆ, ನೋಡಬೇಕಾದ ಚಿತ್ರ, ಶಿಲ್ಪಗಳು ಸಾವಿರಾರು. ಅವರಿಗಾಗಿ ಮಾರಿಯಾನಾ ಸ್ಟಾರ್ಕ್ ಬರೆದ ಕೈಪಿಡಿಯನ್ನು 1820ರಲ್ಲಿ ಲಂಡನ್ನಿನ ಜಾನ್ ಮರ್ರಿ ಪ್ರಕಟಿಸಿದ. ಆಕೆಯ ತಂದೆ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವನು. ಯಾವ ಕಲಾಕೃತಿ ಎಷ್ಟು ಉತ್ತಮ ಎಂದು ಸೂಚಿಸಲು ಆಕೆ ಆಶ್ಚರ್ಯಸೂಚಕ ಚಿಹ್ನೆಗಳನ್ನು ಬಳಸಿದಳು. ಹೆಚ್ಚು ಚಿಹ್ನೆ, ಹೆಚ್ಚು ಮೇಲ್ಮೆ. 1840ರ ದಶಕದಲ್ಲಿ ಜರ್ಮನಿಯ ಬೇಡೆಕರ್ ಕೈಪಿಡಿಗಳಲ್ಲಿ ಆ ಜಾಗಕ್ಕೆ ನಕ್ಷತ್ರ ಬಂದು ಕೂತಿತು.

ಸಾಹಿತ್ಯಕ್ಕೆ ಅದನ್ನು ತಂದವರಲ್ಲಿ ಅಮೆರಿಕದ ಸಂಪಾದಕ ಎಡ್ವರ್ಡ್ ಓಬ್ರಯನ್ ಮುಖ್ಯ. ಪತ್ರಿಕೆಗಳಲ್ಲಿ ಬಂದ ಸಣ್ಣ ಕಥೆಗಳನ್ನು ಓದಿ, 1915ರ ಅತ್ಯುತ್ತಮ ಕಥೆಗಳ ಸಂಕಲನದಿಂದ ಮೊದಲ್ಗೊಂಡು, ಒಂದು, ಎರಡು, ಮೂರು ನಕ್ಷತ್ರಗಳ ವರ್ಗ ಮಾಡಿದ. 1928ರ ಜುಲೈನಲ್ಲಿ ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಸಿನಿಮಾಗಳಿಗೆ ನಕ್ಷತ್ರ ಕೊಡಲು ಶುರುಮಾಡಿದಳು. ಹೋಟೆಲು, ಸಿನಿಮಾ, ಊರು ಎಲ್ಲಕ್ಕೂ ಒಂದೇ ಅಳತೆ ಬಂದಿತು. ಹೋಗಲೋ ಬೇಡವೋ ಎಂದು ತೀರ್ಮಾನಿಸುವ ಹೊಸಬನಿಗೆ ಹೇಳಿದ ಮಾತು ಅದು. ಮೊಂಟೇನ್‌ನ ಸಾಲಾದರೋ ಮುಂದಿನ ಮೊಂಟೇನ್‌ಗೆ ಬರೆದದ್ದು.

ಎರಡೂ ಕೂಡಿದ್ದು

1995ರಲ್ಲಿ ಪುಸ್ತಕದಂಗಡಿಯಾಗಿ ಬಾಗಿಲು ತೆರೆದ ಅಮೆಜಾನ್, ನಕ್ಷತ್ರವನ್ನು ಕೊಳ್ಳುವವರ ಕೈಗೇ ಕೊಟ್ಟಿತು. 2005ರಲ್ಲಿ ‘ಲೈಬ್ರರಿ ಥಿಂಗ್’, 2007ರಲ್ಲಿ ‘ಗುಡ್‌ರೀಡ್ಸ್’ ಎಂಬ ಓದುಗರ ಜಾಲತಾಣಗಳು ಬಂದವು. ಓದುಗನ ಖಾಸಗಿ ಪಟ್ಟಿಯೂ ಮಾರುಕಟ್ಟೆಯ ನಕ್ಷತ್ರವೂ ಒಂದೇ ಪರದೆಯ ಮೇಲೆ ಸೇರಿದವು. 2011ರಲ್ಲಿ ಗುಡ್‌ರೀಡ್ಸ್ ವಾರ್ಷಿಕ ಸವಾಲು ಆರಂಭಿಸಿತು: ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆಂದು ಸಂಖ್ಯೆ ಘೋಷಿಸಬೇಕು. 2013ರಲ್ಲಿ ಅಮೆಜಾನ್ ಗುಡ್‌ರೀಡ್ಸ್ ಅನ್ನು ಕೊಂಡಿತು.

ಪಟ್ಟಿ, ನಕ್ಷತ್ರ ಹೀಗೆ ಕೂಡಿದ್ದರಿಂದ ಒಳ್ಳೆಯದಾಗಿದೆ. ಹಳ್ಳಿಯಲ್ಲಿ ಒಂಟಿಯಾಗಿ ಓದುವವನಿಗೆ ದೂರದೂರಿನ ಜೊತೆ ಸಿಕ್ಕಿತು. ಓದು ಬಿಟ್ಟುಹೋದವರು ಸವಾಲಿನ ನೆಪದಲ್ಲಿ ಮತ್ತೆ ಪುಸ್ತಕ ಹಿಡಿದರು. ಆದರೆ ಸಂಖ್ಯೆಗೆ ತನ್ನದೇ ಒಂದು ಒತ್ತಡವಿದೆ. ಲೆಕ್ಕದ ಪ್ರಕಾರ ನೂರು ಪುಟದ ಪುಸ್ತಕವೂ ಒಂದೇ, ‘ಮಲೆಗಳಲ್ಲಿ ಮದುಮಗಳು’ ಕೂಡ ಒಂದೇ. ಗುರಿ ಮುಟ್ಟುವ ಅವಸರದಲ್ಲಿ ದೊಡ್ಡ ಪುಸ್ತಕ ಮುಂದಿನ ವರ್ಷಕ್ಕೆ ಹೋಗುತ್ತದೆ, ಮರುಓದು ಹಿಂದೆ ಬೀಳುತ್ತದೆ.

ನಕ್ಷತ್ರದ ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ. ಗುಡ್‌ರೀಡ್ಸ್‌ನಲ್ಲಿ ಎರಡು ಎಂದರೆ ಪರವಾಗಿಲ್ಲ, ಮೂರು ಎಂದರೆ ಇಷ್ಟವಾಯಿತು. ಅಮೆಜಾನ್‌ನ ಹಳೆಯ ಸೂಚನೆಯಲ್ಲಿ ಪರವಾಗಿಲ್ಲ ಎನ್ನುವುದಕ್ಕೇ ಮೂರು, ಎರಡು ಎಂದರೆ ಇಷ್ಟವಾಗಲಿಲ್ಲ. ಐದರ ಅಳತೆ ಸಾಲದೆನಿಸಿದವರಿಗಾಗಿ, ನಾಡಿಯಾ ಒಡುನಾಯೊ 2019ರಲ್ಲಿ ತಂದ ‘ಸ್ಟೋರಿಗ್ರಾಫ್’ ಕಾಲು ನಕ್ಷತ್ರದವರೆಗೂ ಅವಕಾಶ ಕೊಟ್ಟಿತು. ಅಳತೆಗೋಲು ಎಷ್ಟು ಸೂಕ್ಷ್ಮವಾದರೂ, ಆ ಪುಸ್ತಕ ಯಾಕೆ ಹಿಡಿಸಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕನ್ನಡ ಪುಸ್ತಕಗಳ ವಿಷಯದಲ್ಲಂತೂ ಎಷ್ಟೋ ಸಲ ಬೆರಳೆಣಿಕೆಯ ಜನ ಕೊಟ್ಟ ಅಂಕಗಳೇ ಸರಾಸರಿಯಾಗಿ ಕಾಣುತ್ತವೆ. ಅದನ್ನು ನೋಡಿ ಕೃತಿಯನ್ನು ಅಳೆಯುವುದು ಅನ್ಯಾಯ.

ಸಾಮಾನ್ಯ ಓದುಗರ ಸಾಕ್ಷ್ಯ

ಡಾರ್ವಿನ್, ಮೆಕಾಲೆಯಂಥವರ ಪಟ್ಟಿಗಳನ್ನು ಕಾಪಾಡಲು ಜನರಿದ್ದರು. ಸಾಮಾನ್ಯರ ಓದು ಮಾತ್ರ ಹೆಚ್ಚಾಗಿ ಗುರುತಿಲ್ಲದೆ ಹೋಗುತ್ತದೆ. 2003ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಊರಿನ ಗ್ರಂಥಾಲಯದಲ್ಲಿ, 1891ರಿಂದ 1902ರವರೆಗೆ ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಟ್ಟ ಹಳೆಯ ವಹಿಗಳು ಸಿಕ್ಕಿದವು. ಅವುಗಳಿಂದ ಒಂದು ಸಣ್ಣ ಊರಿನ ಕೂಲಿಕಾರರ, ಅಂಗಡಿಯವರ, ಹೆಣ್ಣುಮಕ್ಕಳ, ಶಾಲೆಯ ಹುಡುಗರ ಓದು ಬೆಳಕಿಗೆ ಬಂತು. ಇತಿಹಾಸಕಾರರು ಅದಕ್ಕಾಗಿ ವರ್ಷಗಟ್ಟಲೆ ದುಡಿದರು. ಆದರೂ ಒಂದು ಸಂಗತಿ ಆ ವಹಿಗಳಲ್ಲಿ ಇಲ್ಲ: ಪುಸ್ತಕ ಒಯ್ದವರಿಗೆ ಅದು ಏನೆನಿಸಿತು ಎಂಬುದು. ಅದನ್ನು ಓದುಗನೇ ಬರೆಯಬೇಕು, ಬೇರೆ ಯಾರೂ ಬರೆಯಲಾರರು.

ಆದ್ದರಿಂದ ಈ ವರ್ಷ ಪಟ್ಟಿ ಹಾಕುವವರಲ್ಲಿ ನನ್ನದೊಂದು ಕೋರಿಕೆ. ನಕ್ಷತ್ರ ಕೊಡುವುದಾದರೆ ಕೊಡಿ. ಅದರ ಜೊತೆಗೆ ಮುಗಿಸಿದ ದಿನ, ಪುಸ್ತಕ ಕೈಗೆ ಬಂದದ್ದು ಯಾರಿಂದ, ಯಾಕೆ ಹಿಡಿಸಿತು ಅಥವಾ ಯಾಕೆ ಹಿಡಿಸಲಿಲ್ಲ ಎಂಬ ಒಂದು ಸಾಲು ಬರೆಯಿರಿ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ, ಎರಡನೆಯ ಸಲ ಓದಿದ್ದಕ್ಕೂ ಜಾಗ ಇಡಿ. ಇಪ್ಪತ್ತರ ಹರೆಯದಲ್ಲಿ ಕೊಟ್ಟ ಮೂರು ನಕ್ಷತ್ರವನ್ನು ನಲವತ್ತರಲ್ಲಿ ಐದಕ್ಕೆ ತಿದ್ದಬಹುದು, ಅಷ್ಟೇ. ಅಂದು ಬರೆದ ಸಾಲಿದ್ದರೆ ಅದರೊಂದಿಗೆ ವಾದ ಮಾಡಬಹುದು, ನಾವು ಎಲ್ಲಿ ಬದಲಾದೆವು ಎಂದು ತಿಳಿಯಬಹುದು. ಓದಿದ್ದು ಕನ್ನಡದ ಪುಸ್ತಕವಾದರೆ ಆ ಸಾಲು ಕನ್ನಡದಲ್ಲೇ ಇರಲಿ. ಕಳೆದುಹೋದ ಕೃತಿಗಳ ಬಗ್ಗೆ ನಮ್ಮ ಭಾಷೆಗೆ ತಿಳಿದಿರುವುದೆಲ್ಲ ಓದಿದವರು ಹೇಳಿಹೋದ ಮಾತಿನಿಂದಲೇ ಬಂದದ್ದು. ಇಂದಿನ ಪುಸ್ತಕಗಳ ಬಗ್ಗೆ ಅಂಥ ಮಾತು ಹೇಳುವ ಸರದಿ ನಮ್ಮದು.