ಪ್ರತಿ ಮಗುವನ್ನೂ ಬಲ್ಲ ಶಾಲೆ

ನ್ಯೂಯಾರ್ಕ್ ನಗರದ ಈಸ್ಟ್ ಹಾರ್ಲೆಮ್‌ಗೆ 1970ರ ದಶಕದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಪೋರ್ಟೊರಿಕೊ ಮೂಲದವರು ಮತ್ತು ಕಪ್ಪು ಜನರೇ ಹೆಚ್ಚಾಗಿದ್ದ ಆ ಪ್ರದೇಶದಲ್ಲಿ ಬಡತನವಿತ್ತು, ಮಾದಕ ವಸ್ತುಗಳ ಹಾವಳಿಯಿತ್ತು. ಮಕ್ಕಳ ಓದಿನ ಮಟ್ಟದಲ್ಲಿ ನಗರದ 32 ಶಾಲಾ ವಲಯಗಳ ಪೈಕಿ ಅದಕ್ಕೆ ಕೊನೆಯ ಸ್ಥಾನ. ವಲಯದ ಮುಖ್ಯಸ್ಥರಾಗಿದ್ದ ಆಂಥೊನಿ ಅಲ್ವರಾಡೊ, ಪುಟ್ಟ ಮಕ್ಕಳಿಗೆ ಪಾಠ ಹೇಳಿ ಪಳಗಿದ್ದ ಡೆಬೊರಾ ಮೀಯರ್ ಅವರಿಗೆ ಹೊಸದೊಂದು ಸರ್ಕಾರಿ ಶಾಲೆ ಕಟ್ಟುವ ಹೊಣೆ ಒಪ್ಪಿಸಿದರು. 1974ರಲ್ಲಿ 'ಸೆಂಟ್ರಲ್ ಪಾರ್ಕ್ ಈಸ್ಟ್' ಆರಂಭವಾಯಿತು.

ಚಿಕ್ಕ ಶಾಲೆಯ ಬಲ

ಇಂಥ ಕಡೆ ಶಾಲೆ ನಡೆಸಲು ಬಿಗಿ ಕೈ ಬೇಕು ಎಂಬ ನಂಬಿಕೆ ಎಲ್ಲೆಡೆ ಇದೆ. ಮೀಯರ್ ಆರಂಭಿಸಿದ್ದು ಬೇರೆಡೆಯಿಂದ. ಶಾಲೆ ಚಿಕ್ಕದಾಗಿರಬೇಕು, ಶಿಕ್ಷಕರೆಲ್ಲ ಒಟ್ಟಿಗೆ ಕೂತು ಮಾತಾಡುವಂತಿರಬೇಕು, ಶಾಲೆಯ ತೀರ್ಮಾನಗಳು ಆ ಮಾತುಕತೆಯಲ್ಲೇ ಆಗಬೇಕು ಎಂಬುದು ಅವರ ನಿಲುವು. ಮನೆಯವರಿಗೂ ಅಲ್ಲಿ ಮುಕ್ತ ಪ್ರವೇಶವಿತ್ತು.

1985ರಲ್ಲಿ ಏಳರಿಂದ ಹನ್ನೆರಡನೇ ತರಗತಿವರೆಗಿನ ಶಾಲೆಯೂ ತೆರೆಯಿತು. ಅಲ್ಲಿ ಸುಮಾರು ಹದಿನೈದು ಮಕ್ಕಳ ಗುಂಪಿಗೆ ಒಬ್ಬ ಶಿಕ್ಷಕರು ಮಾರ್ಗದರ್ಶಿ. ಯಾವ ಮಗು ಬರಲಿಲ್ಲ, ಏಕೆ ಮಂಕಾಗಿದೆ, ಮನೆಯಲ್ಲಿ ಏನು ನಡೆದಿದೆ ಎಂಬುದು ಅವರಿಗೆ ತಿಳಿದಿರುತ್ತಿತ್ತು. ತಾಸಿಗೊಂದು ಗಂಟೆ ಬಾರಿಸಿ ಪಾಠ ಬದಲಿಸುವ ಪದ್ಧತಿ ಬಿಟ್ಟು ದೀರ್ಘ ಅವಧಿಗಳನ್ನಿಟ್ಟರು. ಒಬ್ಬ ಶಿಕ್ಷಕರ ಕೈಕೆಳಗೆ ಬರುವ ಮಕ್ಕಳ ಸಂಖ್ಯೆ ಅದರಿಂದ ಬಹಳ ತಗ್ಗಿತು.

ಅಕ್ಕರೆಯ ಜೊತೆ ನಿರೀಕ್ಷೆ

ಬಡ ಮಕ್ಕಳೆಂದು ಕಲಿಕೆಯಲ್ಲಿ ರಿಯಾಯಿತಿ ಇರಲಿಲ್ಲ. ಇದಕ್ಕೆ ಸಾಕ್ಷ್ಯವೇನು? ಇದು ಯಾರ ದೃಷ್ಟಿಕೋನ? ಯಾವುದರ ಜೊತೆ ಇದಕ್ಕೆ ಸಂಬಂಧ? ಹೀಗಾಗದೆ ಬೇರೆ ಆಗಿದ್ದರೆ? ಇದೇಕೆ ಮುಖ್ಯ? ಎಲ್ಲ ವಿಷಯಗಳಲ್ಲೂ ಮಕ್ಕಳು ಈ ಐದು ಪ್ರಶ್ನೆ ಕೇಳಬೇಕಿತ್ತು. ಶಾಲೆ ಮುಗಿಸುವಾಗ ತಮ್ಮ ಕೆಲಸಗಳನ್ನು ಸಮಿತಿಯ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕಿತ್ತು. ಹಾಗೆ ತೇರ್ಗಡೆಯಾದವರಲ್ಲಿ ಬಹುಪಾಲು ಮಂದಿ ಕಾಲೇಜು ಮೆಟ್ಟಿಲೇರಿದರು. 1987ರಲ್ಲಿ ಮೀಯರ್ ಅವರಿಗೆ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.

1990ರ ದಶಕದಲ್ಲಿ ಮೀಯರ್ ಬಾಸ್ಟನ್‌ಗೆ ಹೋದರು. ಆ ಬಳಿಕ ಪ್ರೌಢಶಾಲೆ ತನ್ನ ಮೊದಲಿನ ರೀತಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಮುಖ್ಯಸ್ಥರು ಕಟ್ಟಿದ್ದನ್ನು ಇಲಾಖೆಯೂ ಕಾಯಬೇಕು ಎಂಬ ಪಾಠ ಇದರಲ್ಲಿದೆ.

ನಮ್ಮ ಕೊಳೆಗೇರಿ ಶಾಲೆಗಳಿಗೆ

ನಮ್ಮಲ್ಲೂ ಕೊಳೆಗೇರಿಗಳ ಅಂಚಿನಲ್ಲಿ, ವಲಸೆ ಕಾರ್ಮಿಕರ ಶೆಡ್‌ಗಳ ಪಕ್ಕದಲ್ಲಿ ಸರ್ಕಾರಿ ಶಾಲೆಗಳಿವೆ. ಅಲ್ಲಿನ ಮುಖ್ಯ ಶಿಕ್ಷಕರ ಹೊತ್ತು ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿ, ಸಭೆ, ಸಮೀಕ್ಷೆಗಳಲ್ಲೇ ಕರಗುತ್ತದೆ. ಗೈರಾದ ಮಗುವಿನ ಮನೆಗೆ ಹೋಗಿ ಬರಲು ಬಿಡುವೆಲ್ಲಿ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎಂಬ ವ್ಯವಸ್ಥೆಯನ್ನು ನಾವು ಆಗಲೇ ರೂಪಿಸಿಕೊಂಡಿದ್ದೇವೆ. ಅದು ಸಹಿಯ ಸಭೆಯಾಗದೆ ತಂದೆತಾಯಿಯರ ಮಾತು ಕೇಳುವ ಜಾಗವಾದರೆ ಅರ್ಧ ದಾರಿ ಸವೆದಂತೆ. ಉಳಿದರ್ಧಕ್ಕೆ ಸರ್ಕಾರ ಮುಖ್ಯ ಶಿಕ್ಷಕರ ಮೇಜಿನಿಂದ ಕಡತಗಳನ್ನು ಇಳಿಸಿ, ಗುಮಾಸ್ತರನ್ನು ಕೊಡಲಿ. ಒಳ್ಳೆಯ ತಂಡ ಕಟ್ಟಿದವರನ್ನು ನಡುವೆಯೇ ಎತ್ತಂಗಡಿ ಮಾಡದಿರಲಿ. ಕಷ್ಟದ ಕೇರಿಯ ಮಕ್ಕಳಿಗೆ ಒಳ್ಳೆಯ ಶಾಲೆ ಸಿಗುವುದು ಅವರ ಹಕ್ಕು. ಅದನ್ನು ಒಬ್ಬಿಬ್ಬರ ತ್ಯಾಗಕ್ಕೆ ಬಿಟ್ಟು ಕೂರುವುದು ನ್ಯಾಯವಲ್ಲ.